ಭಾನುವಾರದ ಚರ್ಚೆಗೆ ಮುನ್ನ: ಯುರೋಪಿನ ಮಾಧ್ಯಮ ಕಾಯ್ದೆ ಮತ್ತು ಎಐ

ಬಳಗದ ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಯುರೋಪಿನ ಮಾಧ್ಯಮ ಸ್ವಾತಂತ್ರ್ಯ ಕಾಯ್ದೆಯ ಬಗ್ಗೆ ಮಾತಾಡೋಣ. 2024ರ ಮೇ ತಿಂಗಳಲ್ಲಿ ಜಾರಿಗೆ ಬಂದು, 2025ರ ಆಗಸ್ಟ್ 8ರಿಂದ ಬಹುಪಾಲು ಅನ್ವಯವಾಗುತ್ತಿರುವ ಕಾನೂನು ಇದು. ಸುದ್ದಿಮೂಲಗಳ ರಕ್ಷಣೆ, ಪತ್ರಕರ್ತರ ಫೋನಿಗೆ ಕಳ್ಳ ತಂತ್ರಾಂಶ ಹಾಕುವುದಕ್ಕೆ ಕಡಿವಾಣ, ಎಲ್ಲವೂ ಅದರಲ್ಲಿದೆ. ಆದರೆ ದಯವಿಟ್ಟು 18ನೇ ವಿಧಿಯನ್ನು ನಿಧಾನವಾಗಿ ಓದಿಕೊಂಡು ಬನ್ನಿ.

ಫೇಸ್‌ಬುಕ್, ಯೂಟ್ಯೂಬ್‌ನಂಥ ಬೃಹತ್ ವೇದಿಕೆಗಳು ತಮ್ಮ ನಿಯಮ ಮೀರಿದೆಯೆಂದು ಮಾಧ್ಯಮ ಸಂಸ್ಥೆಯೊಂದರ ಸುದ್ದಿ ತೆಗೆಯುವ ಮೊದಲು ಕಾರಣ ತಿಳಿಸಿ, ಉತ್ತರಕ್ಕೆ ಸಾಮಾನ್ಯವಾಗಿ 24 ಗಂಟೆ ಕೊಡಬೇಕು. ಈ ರಕ್ಷಣೆ ಬೇಕಾದರೆ ಸಂಸ್ಥೆ ಕೆಲವು ಘೋಷಣೆಗಳನ್ನು ಮಾಡಬೇಕು. ಅದರಲ್ಲೊಂದು: ಎಐ ತಯಾರಿಸಿದ್ದನ್ನು ಮನುಷ್ಯರ ಪರಿಶೀಲನೆ ಅಥವಾ ಸಂಪಾದಕೀಯ ಹಿಡಿತವಿಲ್ಲದೆ ಕೊಡುವುದಿಲ್ಲ. ನನಗಂತೂ ಇದೇ ಈ ಕಾಯ್ದೆಯ ಜೀವಾಳ ಅನ್ನಿಸುತ್ತದೆ. ರಾತ್ರಿ ಡೆಸ್ಕಿನಲ್ಲಿ ಕೂತು ತಪ್ಪು ತಿದ್ದುವವರ ಕೆಲಸಕ್ಕೆ ಕಾನೂನೇ ಬೆಲೆ ಕೊಟ್ಟಿದೆ. ಆದರೆ ಪರಿಶೀಲನೆ ಅಂದರೆ ಎಷ್ಟು? ಒಮ್ಮೆ ಕಣ್ಣಾಡಿಸಿದರೆ ಸಾಕೇ?

ಇನ್ನೊಂದು ಆತಂಕ. ಈ ಘೋಷಣೆ ಸುದ್ದಿಮನೆಯನ್ನು ಕಟ್ಟಿಹಾಕುತ್ತದೆ, ಸುದ್ದಿಯ ಬಗ್ಗೆ ಕೇಳಿದ್ದಕ್ಕೆ ಉತ್ತರಿಸುವ ಎಐ ಚಾಟ್‌ಬಾಟನ್ನಲ್ಲ. ಯುರೋಪಿನ ಪ್ರಸಾರ ಒಕ್ಕೂಟ ಮತ್ತು ಬಿಬಿಸಿ 2025ರ ಅಕ್ಟೋಬರ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. 18 ದೇಶಗಳ 22 ಸಾರ್ವಜನಿಕ ಮಾಧ್ಯಮ ಸಂಸ್ಥೆಗಳು ಅದರಲ್ಲಿದ್ದವು. ಸುದ್ದಿಯ ಬಗ್ಗೆ ಎಐ ಸಹಾಯಕಗಳು ಕೊಟ್ಟ ಉತ್ತರಗಳಲ್ಲಿ ಶೇ 45ರಷ್ಟರಲ್ಲಿ ಕನಿಷ್ಠ ಒಂದು ಗಂಭೀರ ದೋಷ ಕಂಡಿತು. ವರದಿಗಾರರು ಜೋಪಾನವಾಗಿ ಬರೆದದ್ದು ಓದುಗರನ್ನು ತಲುಪುವಷ್ಟರಲ್ಲಿ ಕೆಟ್ಟರೆ ಹೊಣೆ ಯಾರದು? ಚರ್ಚೆ ಇಲ್ಲಿಂದಲೇ ಶುರುವಾಗಲಿ.

ಒಂದು ಕೋರಿಕೆ: ಕಾಯ್ದೆಯ ಎಐ ಸಾರಾಂಶಗಳನ್ನು ಗುಂಪಿಗೆ ಹಾಕಬೇಡಿ. ಮೂಲಪಠ್ಯವನ್ನೇ ಓದಿ, ಅರ್ಥವಾಗದ ಸಾಲುಗಳನ್ನು ಶನಿವಾರದೊಳಗೆ ಇಲ್ಲಿ ಬರೆಯಿರಿ.