ಮರೆತ ಸಾಲಿನ ಬಗ್ಗೆ, ಪುಟ್ಟಿಗೆ

ಚಿ. ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ನಾಲ್ಕು ಸಲ ಓದಿದೆ. ಸಂಗೀತನಾಟಕದಲ್ಲಿ ಪಾತ್ರ ಸಿಕ್ಕಿದ್ದು, ತಾಲೀಮು ಶುರುವಾಗಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಅದನ್ನು ಮತ್ತೆ ಎತ್ತುವುದಿಲ್ಲ. ಕೊನೆಯಲ್ಲಿ, ಸಹಿಗಿಂತ ಮೇಲೆ, ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ, "ಹಾಡಿನ ನಡುವೆ ಒಂದು ಸಾಲು ಮರೆತರೆ ಕತ್ತಲಲ್ಲಿ ಕೂತ ಅಷ್ಟೂ ಜನಕ್ಕೆ ಗೊತ್ತಾಗಿಬಿಡುತ್ತೆ ದೊಡ್ಡಮ್ಮ. ಇದೊಂದು ಮುಗಿಸಿ ಇನ್ನು ನಾನೂ ಅವರ ಜೊತೆ ಕೂತು ನೋಡ್ತೀನಿ, ಸಾಕು" ಅಂತ. ಆ ಮಾತು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ಗೊತ್ತಾಗುವುದಿಲ್ಲ ಮಗಳೇ. ಅವರ ಕೈಯಲ್ಲಿ ಪುಸ್ತಕ ಇಲ್ಲ. ನೀನು ಹಾಡಬೇಕಿದ್ದ ಸಾಲು ಯಾವುದು ಅನ್ನುವುದು ನಿನ್ನ ತಂಡದವರಿಗೆ ಬಿಟ್ಟರೆ ಸಭೆಯಲ್ಲಿ ಯಾರಿಗೂ ತಿಳಿಯದು. ಅವರಿಗೆ ಕಾಣುವುದು ನಿನ್ನ ಕಣ್ಣು. ಸಾಲು ಕೈಕೊಟ್ಟ ಕ್ಷಣ ಕಣ್ಣು ಮೇಲಕ್ಕೋ ವಿಂಗಿನ, ಅಂದರೆ ರಂಗದ ಪಕ್ಕದ ಮರೆಯ, ಕಡೆಗೋ ಹೊರಳುತ್ತದೆ, ಎತ್ತಿದ ಕೈ ಅರ್ಧದಲ್ಲೇ ನಿಲ್ಲುತ್ತದೆ, ಹೆಗಲು ಕಿವಿಯ ಹತ್ತಿರ ಏರುತ್ತದೆ. ಸಭೆ ಹಿಡಿಯುವುದು ಅದನ್ನು. ಕಣ್ಣು ಇದ್ದಲ್ಲೇ ಇದ್ದು, ಕೈ ಶುರುಮಾಡಿದ ಅಭಿನಯವನ್ನು ಮುಗಿಸಿದರೆ, ಒಂದು ಸಾಲು ಪೂರ್ತಿ ಬಿಟ್ಟುಹೋದರೂ ಪಾತ್ರ ಯೋಚಿಸುತ್ತಿದೆ ಅಂದುಕೊಳ್ಳುತ್ತಾರೆ.

ಇಷ್ಟು ಖಚಿತವಾಗಿ ಹೇಳುವ ಧೈರ್ಯ ಬಂದದ್ದು ಮರೆತ ನಟರಿಗೆ ಸಾಲು ಎತ್ತಿಕೊಡುವ ಪ್ರಾಂಪ್ಟರ್ ಆಗಿ ನಾಟಕದ ಪುಸ್ತಕ ಹಿಡಿದು ವಿಂಗಿನಲ್ಲಿ ಕೂತ ವರ್ಷಗಳಿಂದ. ಪ್ರಾಂಪ್ಟರ್ ನೋಡಬೇಕಾದದ್ದು ನಟರ ಬಾಯನ್ನಲ್ಲ, ಉಸಿರನ್ನು. ಬೇಕೆಂದೇ ನಿಂತವರ ಪಕ್ಕೆಲುಬು ಆಡುತ್ತಿರುತ್ತದೆ. ಮರೆತವರ ಉಸಿರು ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಆಗ ಮುಂದಿನ ಸಾಲಿನ ಮೊದಲೆರಡು ಪದ ಮಾತ್ರ, ತಗ್ಗಿದ ಸ್ವರದಲ್ಲಿ, ಸ್ಪಷ್ಟವಾಗಿ ಕೊಡಬೇಕು. ಪಿಸುಗುಟ್ಟಿದರೆ ಸಕಾರ ಶಕಾರಗಳೇ ಸಭೆಯವರೆಗೆ ಹಾರುತ್ತವೆ, ನಟರಿಗೆ ಪದ ಮಾತ್ರ ತಿಳಿಯುವುದಿಲ್ಲ. ನಾನು ಆತುರಪಟ್ಟು, ಬೇಕೆಂದೇ ತೆಗೆದುಕೊಂಡ ಒಳ್ಳೆಯ ಮೌನಗಳನ್ನು ಎಷ್ಟೋ ಸಲ ಕೆಡಿಸಿದ್ದೇನೆ. ಈಗಲೂ ಅದು ಕೊರೆಯುತ್ತದೆ. ಅದಕ್ಕಿಂತ ಹೆಚ್ಚು ಕೊರೆಯುವುದು ಇನ್ನೊಂದು, ಅದನ್ನು ಆಮೇಲೆ ಹೇಳುತ್ತೇನೆ.

ಮರೆವು ಎಲ್ಲೆಂದರಲ್ಲಿ ಬರುವುದಿಲ್ಲ. ಒಂದೇ ಧಾಟಿಯ ಎರಡು ಚರಣಗಳಿದ್ದರೆ ಎರಡನೆಯದರ ಮೊದಲ ಸಾಲಿನಲ್ಲಿ ಬರುತ್ತದೆ. ಒಂದೇ ಪದದಿಂದ ಶುರುವಾಗುವ ಸಾಲುಗಳಲ್ಲಿ ಬರುತ್ತದೆ. ನಡೆದು ಜಾಗ ಬದಲಿಸುವಾಗ ಬರುತ್ತದೆ. ಧಾಟಿ ಒಂದೇ ಆದಾಗ ನೆನಪಿನ ಮುಂದೆ ಎರಡು ದಾರಿ, ಹೆಚ್ಚು ತುಳಿದ ದಾರಿಗೇ ಕಾಲು ಹೋಗುತ್ತದೆ. ಮತ್ತೆ, ಎಲ್ಲರೂ ಮೊದಲಿನಿಂದಲೇ ಅಭ್ಯಾಸ ಮಾಡುತ್ತಾರೆ, ತಪ್ಪಿದರೆ ಮತ್ತೆ ಮೊದಲಿಗೆ ಬರುತ್ತಾರೆ. ಹೀಗಾಗಿ ಮೊದಲ ಚರಣ ನೂರು ಸಲ ಬಾಯಿಗೆ ಬಂದಿದ್ದರೆ ಮೂರನೆಯದು ಮೂವತ್ತು ಸಲವೂ ಬಂದಿರುವುದಿಲ್ಲ. ನೀನು ಹಿಂದಿನಿಂದ ಕಲಿ. ಕೊನೆಯ ಚರಣ ಮೊದಲು, ಅದು ಕೂತಮೇಲೆ ಅದರ ಹಿಂದಿನದು, ಆಮೇಲೆ ಎರಡೂ ಸೇರಿಸಿ. ಹಾಡುತ್ತ ಹೋದಂತೆಲ್ಲ ಹೆಚ್ಚು ಗೊತ್ತಿರುವ ಜಾಗಕ್ಕೆ ಬರುತ್ತೀಯ.

ಇದನ್ನೆಲ್ಲ ನಿಮ್ಮ ನಿರ್ದೇಶಕರು ಹೇಳಿಯೇ ಇರುತ್ತಾರೆ. ಆದರೂ ಇನ್ನೊಂದು ಬರೆದುಬಿಡುತ್ತೇನೆ. ಒಂದು ಚೀಟಿಯಲ್ಲಿ ಪ್ರತಿ ಪದದ ಮೊದಲ ಅಕ್ಷರ ಮಾತ್ರ ಬರೆದುಕೊಂಡು ಹಾಡಿ ನೋಡು. ಪೂರ್ತಿ ಪದ ಎದುರಿಗಿದ್ದರೆ ಕಣ್ಣು ಓದಿಬಿಡುತ್ತದೆ, ಅಕ್ಷರ ಮಾತ್ರ ಇದ್ದರೆ ನೆನಪೇ ದುಡಿಯಬೇಕು. ಬಟ್ಟೆ ಮಡಚುವಾಗ ಧಾಟಿ ಬಿಟ್ಟು, ಭಾವ ಬಿಟ್ಟು, ಬರೀ ಮಾತಿನಂತೆ ಸರಸರನೆ ಹೇಳು. ಬಾಯಿ ತಡವರಿಸಿದ ಕಡೆ ಪೆನ್ಸಿಲಿನಿಂದ ಗುರುತು ಹಾಕು. ರಂಗದ ಮೇಲೆ ಕೈಕೊಡುವುದು ಬಹುಮಟ್ಟಿಗೆ ಆ ಗುರುತುಗಳಲ್ಲೇ. ಅಲ್ಲಿ ಸಾಲನ್ನು ಹೆಜ್ಜೆಗೆ ಕಟ್ಟು: ಮೂರನೇ ಮೆಟ್ಟಿಲಿನ ಮೇಲೆ ಎಡಗಾಲು ಬಿದ್ದಾಗ ಈ ಪದ ಅಂತ. ಪ್ರದರ್ಶನದಲ್ಲಿ ತೊಡುವ ಪಾದರಕ್ಷೆಯಲ್ಲೇ ಅಭ್ಯಾಸ ಮಾಡು, ಇಲ್ಲವಾದರೆ ಆ ದಿನ ಹೆಜ್ಜೆ ಬದಲಾಗಿ ಅದಕ್ಕೆ ಕಟ್ಟಿದ ಪದವೂ ಜಾರುತ್ತದೆ.

ಇಷ್ಟಾದಮೇಲೂ ಮರೆತರೆ? ನಿನ್ನ ಪ್ರಶ್ನೆ ಅದೇ ಅಲ್ಲವೇ, ಮತ್ತೆ ಮತ್ತೆ ಅಲ್ಲಿಗೇ ಬರುತ್ತಿದ್ದೇನೆ.

ಮೊದಲು ಉಸಿರು ಬಿಡು. ಎಳೆದುಕೊಳ್ಳಬೇಡ, ಎಳೆದದ್ದು ಆಗಲೇ ತುಂಬಿ ನಿಂತಿರುತ್ತದೆ. ಬಾಯಲ್ಲಿದ್ದ ಕೊನೆಯ ಸ್ವರವನ್ನು ಹಿಡಿದು ಎಳೆ, ಇಲ್ಲವೇ ಅದೇ ಚರಣದ ಹಿಂದಿನ ಸಾಲನ್ನೇ ಇನ್ನೊಮ್ಮೆ ಹಾಡು. ಆ ಹೊತ್ತಿಗೆ ಪದ ಬರದಿದ್ದರೆ ಹುಡುಕುತ್ತ ಹಿಂದಕ್ಕೆ ಹೋಗಬೇಡ, ಪಲ್ಲವಿಗೆ ಹಾರಿಬಿಡು. ವಾದ್ಯದವರೊಂದಿಗೆ ಮೊದಲೇ ಮಾತಾಡಿಕೊಂಡಿರು. ನಟರು ಸಿದ್ಧವಾಗುವತನಕ ಎರಡೋ ನಾಲ್ಕೋ ಆವರ್ತ ಸುತ್ತಿ ಸುತ್ತಿ ನುಡಿಸುವುದು ಸಂಗೀತನಾಟಕದಲ್ಲಿ ಹಳೆಯ ರೂಢಿ, ವ್ಯಾಂಪ್ ಅನ್ನುತ್ತಾರೆ. ವೇಷ ಬದಲಿಸುವುದು ತಡವಾದಾಗ, ಸಭೆಯ ನಗು ಇಳಿಯದಿದ್ದಾಗ ಮಾಡುವುದೂ ಅದನ್ನೇ. ನಿನಗೂ ಒಂದು ಸನ್ನೆ ಗೊತ್ತುಮಾಡಿಕೋ. ಆದರೆ ಮೊದಲೇ ಧ್ವನಿಮುದ್ರಿಸಿಟ್ಟ ವಾದ್ಯಸಂಗೀತಕ್ಕೆ ಹಾಡುವುದಾದರೆ ಈ ಸೌಲಭ್ಯ ಇಲ್ಲ, ಅದು ನಿನಗಾಗಿ ಕಾಯುವುದಿಲ್ಲ. ಆಗ ಸಾಲು ಬಿಟ್ಟು ಮುಂದಿನದಕ್ಕೆ ಸೇರಿಕೊಳ್ಳುವುದೊಂದೇ ದಾರಿ. ನಿನ್ನದು ಯಾವುದು ಅಂತ ಕಾಗದದಲ್ಲಿ ಬರೆದಿಲ್ಲ.

ಮರೆವಿನಂತೆ ಕಂಡು ಮರೆವಲ್ಲದ್ದೂ ಒಂದಿದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ನೀನು ರಂಗದ ಹಿಂಭಾಗದಲ್ಲಿದ್ದು ವಾದ್ಯಗಳು 17 ಮೀಟರ್ ಆಚೆ ಇದ್ದರೆ, ನಿನ್ನ ಕಿವಿಗೆ ತಾಳ ತಲುಪುವುದು ಸೆಕೆಂಡಿನ 20ನೇ ಒಂದು ಭಾಗ ತಡವಾಗಿ. ಅದನ್ನು ಕೇಳಿ ನೀನು ಹಾಡಿದರೆ ಸಭೆಗೆ ಇನ್ನಷ್ಟು ತಡ. ಹಿಂದೆ ಬಿದ್ದೆ ಅನ್ನಿಸಿ, ಹಿಡಿಯಲು ಓಡುವಾಗ ಪದ ಬೀಳುತ್ತದೆ. ಅದಕ್ಕೇ ವಾದ್ಯ ನಡೆಸುವವರ ಕೈ ನೋಡಿ ಹಾಡಬೇಕು, ಕೈ ಕಾಣದ ಜಾಗದಲ್ಲಿ ನಿಲ್ಲಿಸಿದ್ದರೆ ಹತ್ತಿರ ಒಂದು ಮಾನಿಟರ್ ಸ್ಪೀಕರ್, ಅಂದರೆ ವಾದ್ಯ ನಿನಗೇ ಕೇಳಿಸುವಂತೆ ಇಡುವ ಸ್ಪೀಕರ್, ಬೇಕೆಂದು ಕೇಳು. ಸಂಕೋಚಪಡಬೇಡ.

ಉಳಿದವು ಸಣ್ಣವು. ಮೈಕ್ ಹಣೆಯ ಕೂದಲಂಚಿನಲ್ಲಿದ್ದರೆ ಬೆವರು ಅದರೊಳಗೆ ಇಳಿಯದಂತೆ ನೋಡಿಕೋ. ದೀಪ ಆರಿದಮೇಲೆ ನಡೆಯಬೇಕಿದ್ದರೆ ಅದಕ್ಕೆ ಅರ್ಧ ನಿಮಿಷ ಮೊದಲು ವಿಂಗಿನಲ್ಲಿ ಒಂದು ಕಣ್ಣು ಮುಚ್ಚಿಕೊಂಡಿರು, ಕತ್ತಲಾದಾಗ ಆ ಕಣ್ಣಿಗೆ ನೆಲದ ಗುರುತು ಬೇಗ ಕಾಣುತ್ತದೆ.

ಇಬ್ಬರು ದೊಡ್ಡ ಗಾಯಕಿಯರ ವಿಷಯ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. 1960ರಲ್ಲಿ ಬರ್ಲಿನ್ನಿನ ಕಛೇರಿಯಲ್ಲಿ ಅಮೆರಿಕದ ಎಲಾ ಫಿಟ್ಜ್‌ಜೆರಾಲ್ಡ್ ಹಾಡುತ್ತಿದ್ದರು. ಅದೇ ಊರಿನಲ್ಲಿ 1928ರಲ್ಲಿ ಮೊದಲು ಆಡಿದ ಸಂಗೀತನಾಟಕದ ಹಾಡು. ನಡುವೆ ಪದಗಳು ಹೋದವು. ಆಕೆ ನಿಲ್ಲಿಸಲಿಲ್ಲ, ಪದ ಮರೆತದ್ದನ್ನೇ ಪದ ಮಾಡಿ ಅದೇ ತಾಳದಲ್ಲಿ ಹಾಡಿದರು. ಆ ಧ್ವನಿಮುದ್ರಣಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. 1967ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಾರ್ಬ್ರಾ ಸ್ಟ್ರೈಸಂಡ್ ಪದ ಮರೆತರು. ಆ ಭಯವೇ ಮುಂದೆ ದಶಕಗಳ ಕಾಲ ತಮ್ಮನ್ನು ಕಛೇರಿಗಳಿಂದ ದೂರ ಇಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ. ಅಂಥ ಕಂಠ, ಅಷ್ಟು ವರ್ಷ! ಎರಡನೆಯದನ್ನು ನೆನೆದರೆ ನನಗೆ ನಿನ್ನ ಸಣ್ಣಕ್ಷರದ ಸಾಲು ಕಾಣುತ್ತದೆ.

ಆಮೇಲೆ ಹೇಳುತ್ತೇನೆ ಅಂದದ್ದು ಇಷ್ಟೇ. ನಾನು ವಿಂಗಿನಿಂದ ರಂಗದ ಮೇಲೆ ಬರಲೇ ಇಲ್ಲ. ಕಾರಣ ನೀನು ಬರೆದ ಕಾರಣವೇ.

ಕೂತು ನೋಡುವುದು ಕಡಿಮೆಯದು ಅನ್ನುತ್ತಿಲ್ಲ. ಅದರ ರುಚಿ ನಿನಗೂ ಗೊತ್ತು. ಒಂದು ಕೆಲಸ ಮಾಡು. ಯಾವುದಾದರೂ ಪ್ರಯೋಗವನ್ನು ಎರಡು ಸಲ ನೋಡು. ಎರಡನೇ ಸಲ ಹಾಡುತ್ತಿರುವವರನ್ನು ಬಿಟ್ಟು ಸುಮ್ಮನೆ ನಿಂತವರನ್ನು ನೋಡು. ಹಾಡುವವರು ತಪ್ಪಿದರೆ ಮೊದಲು ಸುಳಿವು ಕೊಡುವುದು ಆ ಸುಮ್ಮನೆ ನಿಂತವರ ಮುಖ. ನಿನ್ನ ಜೊತೆಯವರಿಗೂ ಹೇಳಿಡು, ಯಾರು ತಪ್ಪಿದರೂ ಅವರ ಕಡೆ ತಟ್ಟನೆ ತಿರುಗಬೇಡಿ ಅಂತ. ಬಹುಶಃ ಈ ಕಾಗದದಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಮಾತು ಇದೊಂದೇ ಏನೋ.

ನಾಟಕದ ಪ್ರತಿ ಕಳಿಸುತ್ತೇನೆ, ಓದಿಕೊಂಡು ಬಾ ಅಂದಿದ್ದೀಯ. ಕಳಿಸಬೇಡ. ಪ್ರತಿ ಓದಿದರೆ ನನ್ನ ಕಣ್ಣು ನಿನ್ನ ಉಸಿರಿನ ಮೇಲೇ ಇರುತ್ತದೆ. ಐದನೇ ಸಾಲಿನಲ್ಲಿ ಒಂದು ಕುರ್ಚಿ ಹೇಳಿಡು, ಉಳಿದವರ ಹಾಗೆ ಮುಂದಿನ ಸಾಲು ಏನೆಂದು ಗೊತ್ತಿಲ್ಲದೆ ಕೂತು ನೋಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ