ಆನ್‌ಲೈನ್ ಪಾಠಕ್ಕೆ ಕನ್ನಡದ್ದೇ ವಿಳಾಸ ಇರಲಿ

ಸಂಪಾದಕರೇ,

ಹತ್ತನೇ ತರಗತಿ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡಲು ವೆಬ್‌ಸೈಟ್ ಮಾಡಿಸುತ್ತಿದ್ದೇನೆ. ಹೆಸರಲ್ಲಿ 'ಪಾಠ' ಇರಲೇಬೇಕು ಅಂತ ಆಸೆ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಂದು ಎ ಹಾಕಬೇಕೋ ಎರಡೋ, ಟಿ ಆದ ಮೇಲೆ ಎಚ್ ಬೇಕೋ ಬೇಡವೋ, ಒಬ್ಬೊಬ್ಬರದು ಒಂದೊಂದು ಥರ. ಫೋನಲ್ಲಿ ಒಬ್ಬ ತಾಯಿಗೆ ಹೇಳಿ ಬರೆಸಿದೆ, ಮೂರು ಸಲವೂ ಬೇರೆ ಬೇರೆ ಬರೆದರು. ಮಕ್ಕಳು ಹುಡುಕುವುದು ಹೇಗೆ?

ಕನ್ನಡ ಲಿಪಿಯಲ್ಲೇ '.ಭಾರತ' ಅಂತ ಮುಗಿಯುವ ವಿಳಾಸ ಸಿಗುತ್ತದೆ, ಅದನ್ನು ನಮ್ಮ ದೇಶದ ವೆಬ್ ವಿಳಾಸಗಳ ಉಸ್ತುವಾರಿ ಹೊತ್ತ ನಿಕ್ಸಿ (NIXI) ಸಂಸ್ಥೆ ನೋಡಿಕೊಳ್ಳುತ್ತದೆ. ಅಲ್ಲಿ ಈ ಗೊಂದಲವೇ ಇಲ್ಲ, ಅಲ್ವಾ? ಆದರೆ ನಾನು ಕೇಳಿದ, ವೆಬ್ ವಿಳಾಸ ಮಾಡಿಸಿಕೊಡುವ ಅಂಗಡಿಯವರು ಸುಮ್ನೆ ಡಾಟ್ ಕಾಮ್ ತಗೊಳ್ಳಿ ಅಂದರು. ಇಂಥ ವಿಳಾಸ ಪಡೆಯುವುದು ಹೇಗೆ ಅಂತ ನಿಮ್ಮ ಪತ್ರಿಕೆಯಲ್ಲಿ ದಯವಿಟ್ಟು ಒಂದು ಲೇಖನ ಹಾಕಿ.

- ಗಣಿತ ಶಿಕ್ಷಕಿ, ಶಿವಮೊಗ್ಗ