ಸಂಜೆ ಮನೆಗೆ ಕಳುಹಿಸಿದ ರೋಗಿಯ ರಾತ್ರಿಯ ಹೊಣೆ ಯಾರದು?

ಮಾನ್ಯ ಸಂಪಾದಕರೇ,

ಸೋಮವಾರದ ಸಂಚಿಕೆಯ ಜಿಲ್ಲಾ ಪುಟದಲ್ಲಿ ಬಂದಿರುವ ‘ಬೆಳಿಗ್ಗೆ ಶಸ್ತ್ರಚಿಕಿತ್ಸೆ, ಸಂಜೆ ಮನೆಗೆ’ ವರದಿಗೆ ಸಂಬಂಧಿಸಿ ಇದನ್ನು ಬರೆಯುತ್ತಿದ್ದೇನೆ. ಆ ಆಸ್ಪತ್ರೆಯ ಡೇ ಕೇರ್ ವಿಭಾಗಕ್ಕೆ ವರ್ಷ ತುಂಬಿದ ಸಮಾರಂಭದಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿಗಳ ನಡುವೆ ಆಡಳಿತ ಮಂಡಳಿಯವರು, ಇದುವರೆಗೆ ಒಬ್ಬ ರೋಗಿಗೂ ತೊಡಕು ಉಂಟಾಗಿಲ್ಲವೆಂದೂ ಇದು ಸಂಶೋಧನೆಗಳಿಂದ ಸಾಬೀತಾದ ಸುರಕ್ಷಿತ ಪದ್ಧತಿಯೆಂದೂ ಹೇಳಿಕೊಂಡಿದ್ದಾರೆ. ಅದೇ ವಿಭಾಗದಲ್ಲಿ ಹಿಂದಿನ ವಾರ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಒಳಗಾದ ನನ್ನ ಅಣ್ಣ, ಈ ವರದಿ ಅಚ್ಚಾದ ದಿನ ಮೂತ್ರದ ನಳಿಕೆ ಹಾಕಿಸಿಕೊಂಡು ಮನೆಯಲ್ಲಿ ಮಲಗಿದ್ದರು. ತೊಡಕಿಲ್ಲದವರ ಲೆಕ್ಕದಲ್ಲಿ ಅವರ ಹೆಸರೂ ಸೇರಿರುತ್ತದೆ ಎಂಬುದನ್ನು ತಮ್ಮ ಓದುಗರಿಗೆ ತಿಳಿಸುವುದು ಅಗತ್ಯವೆನಿಸಿತು.

ಅಣ್ಣನಿಗೆ ಅರವತ್ತೆಂಟು ವರ್ಷ. ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಏಳಕ್ಕೆ ಹಾಜರಿರಬೇಕೆಂದು ಹೇಳಿದ್ದರಿಂದ ನಾವು ನಡುರಾತ್ರಿಯ ಹೊತ್ತಿಗೇ ಬಾಡಿಗೆ ಜೀಪು ಮಾಡಿಕೊಂಡು ಹೊರಟೆವು. ಘಾಟಿ ದಾಟಿ ಬರುವ ಆ ರಸ್ತೆ ಈ ಮಳೆಗಾಲದಲ್ಲಿ ಹೇಗಿದೆಯೆಂಬುದನ್ನು ತಮ್ಮದೇ ಪತ್ರಿಕೆ ಚಿತ್ರಸಹಿತ ಪ್ರಕಟಿಸಿದೆ. ಏಳಕ್ಕೆ ಬರಹೇಳಿದವರು ಮಧ್ಯಾಹ್ನ ಒಂದರವರೆಗೆ ಕಬ್ಬಿಣದ ಕುರ್ಚಿಯ ಮೇಲೆ ಕೂರಿಸಿದರು. ಸಕ್ಕರೆ ಕಾಯಿಲೆಯಿದೆ, ಒಂದು ಲೋಟ ನೀರಾದರೂ ಕೊಡಬಹುದೇ ಎಂದು ಕೇಳಿದ ಅತ್ತಿಗೆಗೆ ಸಿಕ್ಕಿದ ಉತ್ತರವನ್ನು ಇಲ್ಲಿ ಬರೆಯಲಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಶಸ್ತ್ರಚಿಕಿತ್ಸೆ ಮುಗಿಸಿ, ಕಾಲಿಗೆ ಸ್ವಾಧೀನ ಬರುತ್ತಿದ್ದಂತೆಯೇ ‘ಬೆಡ್ ಬೇಕು’ ಎಂದು ಅವಸರಿಸಿ, ಆರು ಗಂಟೆಗೆ ಗಾಲಿಕುರ್ಚಿಯಲ್ಲಿ ಬಾಗಿಲಿಗೆ ತಂದು ಬಿಟ್ಟರು. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಮೂತ್ರ ವಿಸರ್ಜನೆ ಆಗಿದೆ’ ಎಂಬ ಸಾಲಿನ ಮುಂದೆ ಅಚ್ಚುಕಟ್ಟಾಗಿ ಗುರುತು ಹಾಕಲಾಗಿತ್ತು. ಆಗಿರಲಿಲ್ಲ. ಆಗಿದೆಯೇ ಎಂದು ಯಾರೂ ಕೇಳಿಯೂ ಇರಲಿಲ್ಲ.

ರಾತ್ರಿ ಹನ್ನೊಂದರ ವೇಳೆಗೆ ಅಣ್ಣನ ಕಿಬ್ಬೊಟ್ಟೆ ಉಬ್ಬಿ, ನೋವಿಗೆ ಗೋಡೆ ಹಿಡಿದು ನಿಲ್ಲುವಂತಾಯಿತು. ಕಾರ್ಡಿನ ಮೇಲೆ ‘24 ಗಂಟೆಯೂ ನಿಮ್ಮ ಸೇವೆಯಲ್ಲಿ’ ಎಂದು ಮುದ್ರಿಸಿದ್ದ ಸಂಖ್ಯೆಗೆ ಕರೆ ಮಾಡಿದರೆ, ಬಹಳ ಹೊತ್ತಿನ ನಂತರ ಎತ್ತಿದವರು ಕಾವಲುಗಾರರು. ಪಾಪ, ಅವರಾದರೂ ಎತ್ತಿದರು. ನಾಳೆ ಹತ್ತು ಗಂಟೆಗೆ ಒ.ಪಿ.ಡಿ.ಗೆ ಬಂದು ಚೀಟಿ ಮಾಡಿಸಿ ಎಂಬುದು ಅವರು ಕೊಡಬಹುದಾಗಿದ್ದ ಅತ್ಯುನ್ನತ ವೈದ್ಯಕೀಯ ಸಲಹೆಯಾಗಿತ್ತು. ಕೊನೆಗೆ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸಮ್ಮನವರು ನಳಿಕೆ ಹಾಕಿ ಅಣ್ಣನ ಜೀವಕ್ಕೆ ನೆಮ್ಮದಿ ತಂದರು. ಬೆನ್ನಿನ ಇಂಜೆಕ್ಷನ್ ಪಡೆದ ವಯಸ್ಸಾದ ಗಂಡಸರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಕಟ್ಟಿಕೊಳ್ಳುವುದು ಪಠ್ಯಪುಸ್ತಕದಲ್ಲಿರುವ ಸಂಗತಿ. ಆರೋಗ್ಯ ಇಲಾಖೆಯಲ್ಲಿ ಫಾರ್ಮಾಸಿಸ್ಟ್ ಆಗಿ ನಿವೃತ್ತನಾದ ನನಗೆ ಗೊತ್ತಿರುವುದು ತಜ್ಞರಿಗೆ ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ.

ಇನ್ನು ಆಡಳಿತ ಮಂಡಳಿಯವರು ಹೆಸರು ಹೇಳಿದ ಸಂಶೋಧನೆಗಳ ವಿಷಯ. ಶಸ್ತ್ರಚಿಕಿತ್ಸೆ ಮಾಡಿ ಅದೇ ದಿನ ಮನೆಗೆ ಕಳುಹಿಸುವುದನ್ನು ನಾನು ವಿರೋಧಿಸುತ್ತಿಲ್ಲ. ಅದು ನಿನ್ನೆ ಮೊನ್ನೆಯ ಪದ್ಧತಿಯೂ ಅಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಜೇಮ್ಸ್ ನಿಕಲ್ ಎಂಬ ಶಸ್ತ್ರವೈದ್ಯರು ಹತ್ತು ವರ್ಷಗಳಲ್ಲಿ ಮಕ್ಕಳನ್ನು ಒಳರೋಗಿಗಳಾಗಿ ಸೇರಿಸಿಕೊಳ್ಳದೆಯೇ ನಡೆಸಿದ 8,988 ಶಸ್ತ್ರಚಿಕಿತ್ಸೆಗಳ ವಿವರವನ್ನು 1909ರಲ್ಲಿ ಪ್ರಕಟಿಸಿದರು. ಆ ಕಾಲಕ್ಕೆ ಅದು ಹುಬ್ಬೇರಿಸುವಂತಹ ಸಂಗತಿಯೇ. ಆದರೆ ಅದೇ ನಿಕಲ್ ಅವರು ಆಸ್ಪತ್ರೆಯ ಸಮೀಪ ಒಂದು ಚಿಕ್ಕ ಮನೆಯನ್ನು ಬಾಡಿಗೆಗೆ ಹಿಡಿದು ಹಾಲೂಡುವ ತಾಯಂದಿರನ್ನು ಕೂಸುಗಳೊಂದಿಗೆ ಉಳಿಸಿಕೊಳ್ಳುತ್ತಿದ್ದರು, ಮನೆಗೆ ಹೋದ ಮಕ್ಕಳನ್ನು ನೋಡಿಬರಲು ನರ್ಸುಗಳನ್ನು ಕಳುಹಿಸುತ್ತಿದ್ದರು. ನೂರು ವರ್ಷಗಳಾಚೆ, ಫೋನಿಲ್ಲದ ಬಡವರ ಕೇರಿಗಳಿಗೆ ನರ್ಸು ನಡೆದು ಹೋಗುತ್ತಿದ್ದಳು; ಇಲ್ಲಿ ಎಲ್ಲರ ಕಿಸೆಯಲ್ಲೂ ಫೋನಿದ್ದು ಎತ್ತುವವರಿಲ್ಲ.

ಎಡಿನ್‌ಬರೊದ ಶಸ್ತ್ರವೈದ್ಯ ಫರ್ಕುಹರ್ಸನ್ ಅವರು 1955ರಲ್ಲಿ ವಯಸ್ಕರ ಹರ್ನಿಯಾವನ್ನು ಹೊರರೋಗಿ ವಿಭಾಗದಲ್ಲೇ ಸರಿಪಡಿಸಿ ತೋರಿಸಿದ್ದು, ಬೆನ್ನಿಗೆ ಚುಚ್ಚಿ ಸೊಂಟದಿಂದ ಕೆಳಗೆ ಪೂರ್ತಿ ಮರಗಟ್ಟಿಸಿ ಅಲ್ಲ. ಕೊಯ್ಯುವ ಜಾಗಕ್ಕಷ್ಟೇ ಔಷಧ ಕೊಟ್ಟು. ಹಾಗೆ ಮಾಡಿದಾಗ ಮೂತ್ರ ಕಟ್ಟಿಕೊಳ್ಳುವುದು ಕಡಿಮೆ. 2018ರಲ್ಲಿ ಪ್ರಕಟವಾದ ತೊಡೆಸಂದಿನ ಹರ್ನಿಯಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಬಹುಪಾಲು ರೋಗಿಗಳನ್ನು ಅದೇ ದಿನ ಮನೆಗೆ ಕಳುಹಿಸಬಹುದೆಂದು ಹೇಳುತ್ತದೆ, ಆದರೆ ನಂತರದ ಆರೈಕೆಗೆ ಏರ್ಪಾಡು ಇರಬೇಕೆಂಬ ಷರತ್ತಿನೊಂದಿಗೆ. ನಮ್ಮ ಆಡಳಿತ ಮಂಡಳಿಯವರು ವಾಕ್ಯದ ಮೊದಲರ್ಧವನ್ನು ಫಲಕಕ್ಕೆ ಬರೆಸಿ, ಷರತ್ತನ್ನು ಪುಟದಲ್ಲೇ ಬಿಟ್ಟಿದ್ದಾರೆ.

ಬಿಡುಗಡೆಗೆ ಅಳತೆಗೋಲು ಇಲ್ಲವೆಂದೂ ಅಲ್ಲ. ಕೆನಡಾದ ಟೊರಾಂಟೊದ ಅರಿವಳಿಕೆ ತಜ್ಞೆ ಡಾ. ಫ್ರಾನ್ಸಿಸ್ ಚಂಗ್ ಅವರು ರೂಪಿಸಿದ ಅಂಕಪಟ್ಟಿಯಲ್ಲಿ ರಕ್ತದೊತ್ತಡ ಮತ್ತು ನಾಡಿ, ನಡಿಗೆ, ವಾಕರಿಕೆ, ನೋವು, ರಕ್ತಸ್ರಾವ ಇವುಗಳಿಗೆ ತಲಾ ಎರಡರಂತೆ ಹತ್ತು ಅಂಕಗಳಿವೆ. ಒಂಬತ್ತು ಬಂದರೆ ಕಳುಹಿಸಬಹುದು. ನಡೆಸಿ ನೋಡದ ಅಣ್ಣನಿಗೆ ನಡಿಗೆಗೆ ಎಷ್ಟು ಅಂಕ ಕೊಟ್ಟರೋ ನಾನರಿಯೆ; ಬಹುಶಃ ಗಾಲಿಕುರ್ಚಿ ಚೆನ್ನಾಗಿ ಉರುಳಿದ್ದಕ್ಕೆ ಎರಡೂ ಕೊಟ್ಟಿರಬೇಕು.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಇಂಥ ಅಧ್ಯಯನಗಳಲ್ಲಿ ರೋಗಿಗಳನ್ನು ಸೇರಿಸಿಕೊಳ್ಳುವಾಗಲೇ ಸಾಮಾನ್ಯವಾಗಿ ಷರತ್ತುಗಳಿರುತ್ತವೆ: ಮನೆ ಆಸ್ಪತ್ರೆಗೆ ಹತ್ತಿರವಿರಬೇಕು, ಜೊತೆಯಲ್ಲಿ ಜವಾಬ್ದಾರಿಯುತ ವಯಸ್ಕರಿರಬೇಕು, ಬೇರೆ ಕಾಯಿಲೆಗಳು ಹತೋಟಿಯಲ್ಲಿರಬೇಕು. ದೂರದವರನ್ನು, ದುರ್ಬಲರನ್ನು ಮೊದಲೇ ಹೊರಗಿಟ್ಟು ಪಡೆದ ‘ಸುರಕ್ಷಿತ’ ಎಂಬ ಫಲಿತಾಂಶವನ್ನು, ಹಾಗೆ ಹೊರಗಿಡಬೇಕಾಗಿದ್ದವರ ಮೇಲೆಯೇ ಪ್ರಯೋಗಿಸುವುದು ಯಾವ ವಿಜ್ಞಾನ? ಅದರ ಮೇಲೆ, ತೊಡಕಾದ ರೋಗಿ ರಾತ್ರೋರಾತ್ರಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಾನೆಯೇ ಹೊರತು ಗಂಟೆಗಟ್ಟಲೆ ದಾರಿ ಸವೆಸಿ ಇವರ ಬಾಗಿಲು ತಟ್ಟುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬರೆದ ಸಾಲು ಇವರ ರಿಜಿಸ್ಟರಿಗೆ ಹಾರಿ ಬಂದು ಕೂರುವುದೂ ಇಲ್ಲ. ಕೇಳದೆ, ವಿಚಾರಿಸದೆ, ಮರಳಿ ಬಾರದವರನ್ನೆಲ್ಲ ಗುಣವಾದವರೆಂದು ಎಣಿಸಿದರೆ ಯಾವ ಆಸ್ಪತ್ರೆಯಲ್ಲೂ ತೊಡಕಿರುವುದಿಲ್ಲ. ಶಸ್ತ್ರಚಿಕಿತ್ಸೆಯ ಮರುದಿನ ಅಣ್ಣನಿಗೆ ಆ ಆಸ್ಪತ್ರೆಯಿಂದ ಬಂದದ್ದು ಒಂದೇ ಸಂದೇಶ, ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬುದು.

ಬಿಲ್ಲಿನ ವಿಷಯಕ್ಕೆ ಬಂದರೆ, ನಾಲ್ಕು ತಾಸು ಮಲಗಿದ ಹಾಸಿಗೆಗೆ ಪೂರ್ತಿ ದಿನದ ಬಾಡಿಗೆ ಹಾಕಿದ್ದಾರೆ. ವಿಮಾ ಕಂಪನಿಯ ಕಡೆಯವರು 24 ಗಂಟೆ ದಾಖಲಾಗಿರಲಿಲ್ಲವಲ್ಲ ಎಂದು ರಾಗ ಎಳೆದರು. ಅರಿವಳಿಕೆ ಕೊಟ್ಟು ಮಾಡುವ ಇಂಥ ಚಿಕಿತ್ಸೆಗೆ ಆ ನಿಯಮ ಅನ್ವಯಿಸದೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ವ್ಯಾಖ್ಯೆಯಲ್ಲೇ ಇದೆಯೆಂದು ತೋರಿಸಿದ ಮೇಲೆ ಸುಮ್ಮನಾದರು. ಆಸ್ಪತ್ರೆಗೆ ದಿನವೆಂದರೆ ನಾಲ್ಕು ತಾಸು, ವಿಮೆಗೆ ಇಪ್ಪತ್ತನಾಲ್ಕು, ರೋಗಿಗೆ ಮಾತ್ರ ರಾತ್ರಿಯೇ ಮುಗಿಯದು.

ಅಂದಿನ ಸಮಾರಂಭದ ವೇದಿಕೆಯಲ್ಲಿ ಆರೋಗ್ಯಾಧಿಕಾರಿಗಳೂ ಆಸೀನರಾಗಿದ್ದುದು ತಾವು ಪ್ರಕಟಿಸಿದ ಚಿತ್ರದಲ್ಲಿ ಸ್ಪಷ್ಟವಾಗಿದೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರ ಹುದ್ದೆ ಖಾಲಿ ಬಿದ್ದು ಶಸ್ತ್ರಚಿಕಿತ್ಸಾ ಕೊಠಡಿ ಹಳೆಯ ಮಂಚಗಳ ಗೋದಾಮಾಗಿದೆಯೆಂದು ನಾವು ಕೊಟ್ಟ ಮನವಿಗೆ ಇದೇ ಕಚೇರಿಯಿಂದ ಬಂದ ಉತ್ತರ ‘ನಿಯಮಾನುಸಾರ ಕ್ರಮ ವಹಿಸಲಾಗುವುದು’ ಎಂಬುದಾಗಿತ್ತು. ಅವರಿಗಿಂತ ಹಿಂದಿದ್ದವರ ಉತ್ತರವೂ ಅದೇ. ಸಹಿ ಮಾತ್ರ ಬೇರೆ. ಆ ಒಂದು ಹುದ್ದೆ ಭರ್ತಿಯಾಗಿದ್ದರೆ ಹರ್ನಿಯಾದಂತಹ ಶಸ್ತ್ರಚಿಕಿತ್ಸೆಗೆ ನಾವು ನಡುರಾತ್ರಿ ಘಾಟಿ ಏರಬೇಕಾಗಿರಲಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ಅದಕ್ಕೆ 2017ರಲ್ಲಿ ತಿದ್ದುಪಡಿ ತರುವಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದೂ, ಹೊರರೋಗಿಗಳು ಬೀದಿಗೆ ಬಿದ್ದದ್ದೂ ಎಲ್ಲರಿಗೂ ನೆನಪಿದೆ. ಅಷ್ಟೆಲ್ಲ ಆಗಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಕುಂದುಕೊರತೆಗಳನ್ನು ಕೇಳುವ ಪ್ರಾಧಿಕಾರವೂ ಬಂದಿತು. ಅದರ ಮುಂದೆ ದೂರು ಕೊಡುವುದು ಹೇಗೆಂದು ಕೇಳಿದರೆ, ಗುಮಾಸ್ತರು ಮೊದಲ ಮಹಡಿಗೆ ಕಳುಹಿಸುತ್ತಾರೆ, ಮೊದಲ ಮಹಡಿಯವರು ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎನ್ನುತ್ತಾರೆ. ಶಾಲು ಹೊದಿಸಿಕೊಳ್ಳುವ ಸಮಾರಂಭಗಳಿಗೆ ಮಾತ್ರ ಯಾವ ಮೀಟಿಂಗೂ ಅಡ್ಡ ಬರುವುದಿಲ್ಲ.

ಆದ್ದರಿಂದ ಸಂಬಂಧಪಟ್ಟವರು ಈ ಡೇ ಕೇರ್ ವಿಭಾಗವನ್ನು ಕೂಡಲೇ ಪರಿಶೀಲಿಸಿ, ರಾತ್ರಿ ವೈದ್ಯರು ಫೋನಿಗೆ ಸಿಗುವ ವ್ಯವಸ್ಥೆ ಆಗುವವರೆಗೆ ದೂರದ ಊರುಗಳವರನ್ನು ಅದೇ ದಿನ ಕಳುಹಿಸದಂತೆ ತಡೆಯಬೇಕು. ಇಲ್ಲವೇ ತಾಲ್ಲೂಕು ಆಸ್ಪತ್ರೆಗೆ ಅರಿವಳಿಕೆ ತಜ್ಞರನ್ನು ಕೊಟ್ಟು ನಮ್ಮ ಪಾಡಿಗೆ ನಮ್ಮನ್ನು ಬಿಡಬೇಕು. ಸಾಧ್ಯವಾದರೆ ಎರಡನ್ನೂ ಮಾಡಬೇಕು. ಯಾವುದೂ ಆಗದೆಂದಾದರೆ, ಸಂಶೋಧನೆಯ ಹೆಸರು ಹೇಳಿಕೊಂಡು ವೇದಿಕೆ ಹತ್ತುವುದನ್ನಾದರೂ ಈ ಮಹನೀಯರು ನಿಲ್ಲಿಸಲಿ. ಸಂಬಳ, ಜೀಪು, ಕಚೇರಿ ಎಲ್ಲವೂ ಇದ್ದು, ಖಾಸಗಿಯವರ ಕಾರ್ಡಿನಲ್ಲಿ ಸುಳ್ಳು ಗುರುತು ಹಾಕಿದ್ದನ್ನು ನೋಡಲೂ ಪುರುಸೊತ್ತಿಲ್ಲದವರಿಗೆ ಆರೋಗ್ಯಾಧಿಕಾರಿ ಎಂಬ ಬಿರುದಾದರೂ ಏಕೆ ಬೇಕು?

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಫಾರ್ಮಾಸಿಸ್ಟ್, ಘಾಟಿಯ ಆಚೆಯ ಹೋಬಳಿಯಿಂದ